ಗುಳ್ಳೆ ಕಾಯುವವನು

ಇವತ್ತು ನಿನ್ನ ಸರದಿ ವಾಲ್ದೆಮಾರ್,
ಎದ್ದು ನಿಂತು ಸಾಕ್ಷಿ ಹೇಳು, ಅಂದರು ಪಾಸ್ಟರ್.
ಅಂದವರೇ ನಾಲಿಗೆ ಕಚ್ಚಿಕೊಂಡರು.
ಇರಲಿ ಬಿಡಿ, ಕೂತೇ ಹೇಳುತ್ತೇನೆ.
ಹನ್ನೊಂದು ವರ್ಷದಿಂದ ಎಲ್ಲವನ್ನೂ ಕೂತೇ ಮಾಡಿದ್ದೇನೆ,
ಜಗಳವನ್ನೂ.

ಗೊತ್ತಿರುವುದನ್ನು ಬೇಗ ಮುಗಿಸುತ್ತೇನೆ.
ದಿನಕ್ಕೆ ಹದಿನಾಲ್ಕು ಸಿಲಿಂಡರು ಗಾಳಿ,
ಇಪ್ಪತ್ತು ಮಾರು ಆಳ, ಕೈಯಲ್ಲೊಂದು ಕೊಕ್ಕೆ,
ಬಂಡೆ ಸಂದಿಯಲ್ಲಿ ಮೀಸೆಯಾಡಿಸುವ ಲಾಬ್‌ಸ್ಟರು.
ಇನ್ನೊಂದು, ಇನ್ನೊಂದೇ ಒಂದು ಅಂತ
ಗಾಳಿ ತೀರುವ ತನಕ ಇದ್ದು
ಬಿಟ್ಟ ಬಾಣದ ಹಾಗೆ ಮೇಲೆ ಬಂದೆ.
ದೋಣಿಯಲ್ಲಿ ಕೂತು ಸಿಗರೇಟು ಹಚ್ಚಿದೆ.
ಸಿಗರೇಟು ಮುಗಿಯಿತು.
ಅಷ್ಟರಲ್ಲಿ ಕಾಲುಗಳೂ ಮುಗಿದಿದ್ದವು.

ಊರು ಹೇಳಿತು: ಲಿವಾ ಹಿಡಿದಳು,
ನೀರಿನ ಹೆಣ್ಣು, ತನ್ನದನ್ನು ಕದ್ದವರ ಸೊಂಟ ಮುರಿಯುತ್ತಾಳೆ.
ಡಾಕ್ಟರು ಹೇಳಿದರು: ರಕ್ತದಲ್ಲಿ ಗುಳ್ಳೆ.
ದೋಣಿಯ ಯಜಮಾನ ಏನೂ ಹೇಳಲಿಲ್ಲ,
ಅಕ್ಕಿ ಕಳಿಸಿದ. ಒಂದು ಮೂಟೆ.
ನಾನು ದೇವರಿಗೆ ಹೇಳಿದ್ದನ್ನು ಇಲ್ಲಿ ಹೇಳುವಂತಿಲ್ಲ,
ಮುಂದಿನ ಬೆಂಚಿನಲ್ಲಿ ಮಕ್ಕಳಿದ್ದಾರೆ.

ಆಮೇಲೆ ಗೋಡೆಯ ಕಡೆ ಮುಖ. ಎರಡು ಮಳೆಗಾಲ.
ತಿರ್ಸಾ ಬಾಳೆಕಾಯಿ ಬೇಯಿಸಿ, ತೆಂಗಿನ ಹಾಲಲ್ಲಿ ಮಸೆದು,
ವಾಬುಲ್ ತುಂಬಿದ ಬಟ್ಟಲನ್ನು ತಲೆಯ ಪಕ್ಕ ಇಟ್ಟು ಹೋಗುತ್ತಿದ್ದಳು.
ಒಮ್ಮೆ ಪಾಸ್ಟರ್ ಬಂದು ಓದಿದರು,
ಮಾಡು ಬಿಚ್ಚಿ, ಹಾಸಿಗೆ ಸಮೇತ ಒಬ್ಬನನ್ನು
ಯೇಸುವಿನ ಮುಂದೆ ಇಳಿಸಿದ ನಾಲ್ವರ ಕಥೆ.
ಅವನು ಎದ್ದನಂತೆ. ಹಾಸಿಗೆ ಹೊತ್ತು ನಡೆದನಂತೆ.
ಬಟ್ಟಲು ಎಸೆದೆ.
ಅವರ ಹಣೆಯ ಮೇಲೆ ಕಾಣುತ್ತಿದೆಯಲ್ಲ, ಆ ಗೆರೆ
ನಾನು ಬರೆದದ್ದು.

ನನ್ನ ಅಕ್ಕನ ಮಗ ನೊರ್ವಿನ್ ನಿಮಗೆ ಗೊತ್ತು.
ನಾನು ಕೆಳಗಿದ್ದಾಗ ಮೇಲೆ ಪುಟ್ಟ ದೋಣಿಯಲ್ಲಿ ಇರುತ್ತಿದ್ದವನು,
ಆಗ ಹನ್ನೆರಡು ವರ್ಷ.
ಸಂಜೆ ಬಂದು ಮೂಲೆಯಲ್ಲಿ ಕೂರುತ್ತಿದ್ದ, ತುಟಿ ಬಿಚ್ಚದೆ.
ಒಂದು ದಿನ ಬೇಸರಕ್ಕೆ ಕೇಳಿದೆ,
ಅಷ್ಟು ಹೊತ್ತು ಮೇಲೆ ಏನು ಮಾಡುತ್ತಿದ್ದೆಯೋ?
ನಿನ್ನ ಗುಳ್ಳೆ ನೋಡುತ್ತಿದ್ದೆ ಮಾವ, ಅಂದ.
ನೀನು ಹೋದ ಕಡೆ ಗುಳ್ಳೆ ಏಳುತ್ತಿತ್ತು,
ಗುಳ್ಳೆ ಎದ್ದ ಕಡೆ ಹುಟ್ಟು ಹಾಕುತ್ತಿದ್ದೆ.
ಬಿಸಿಲಿಗೆ ಕಣ್ಣು ಉರಿದರೂ ಒರೆಸುತ್ತಿರಲಿಲ್ಲ,
ಒರೆಸುವಷ್ಟರಲ್ಲಿ ಕಳೆದುಹೋದರೆ?

ಅಷ್ಟು ವರ್ಷ ನಾನು ಒಮ್ಮೆಯೂ ಮೇಲೆ ನೋಡಿರಲಿಲ್ಲ.

ಆ ರಾತ್ರಿ ಬೆಳಕು ಗಿಳಕು ಕಾಣಲಿಲ್ಲ,
ದೇವದೂತ ಬರಲಿಲ್ಲ, ಇಲಿ ಓಡಾಡಿತು.
ಬೈಗುಳವೂ ಉಸಿರೇ ಅಲ್ಲವೇ,
ಉಸಿರು ಮೇಲಕ್ಕೇ ಹೋಗುವುದಲ್ಲವೇ
ಅಂತ ಅನ್ನಿಸಿತು.
ಇದರ ಅರ್ಥ ಪಾಸ್ಟರ್ ಬಿಡಿಸಲಿ, ಅದು ಅವರ ಕೆಲಸ.
ಬೆಳಿಗ್ಗೆ ತಿರ್ಸಾಳಿಗೆ ಹೇಳಿದೆ, ಕತ್ತಿ ತಾ, ಗಡ್ಡ ತೆಗಿ.

ಭಾನುವಾರ ಮಂಡಿಯುದ್ದ ಕೆಸರಲ್ಲಿ
ನನ್ನನ್ನು ಜೋಲಿಯಲ್ಲಿ ಹೊತ್ತು ತಂದರು.
ಪುಸ್ತಕದಲ್ಲಿ ಆ ನಾಲ್ವರ ಹೆಸರಿಲ್ಲ. ನನ್ನವರದ್ದು ಬರೆದುಕೊಳ್ಳಿ:
ತಿರ್ಸಾ, ನೊರ್ವಿನ್, ಒಕ್ಕಣ್ಣ ಅಲ್ಸೆನೋ,
ಎಪ್ಪತ್ತು ದಾಟಿದ ಸೆಲ್ವೀನಾ ಅಜ್ಜಿ,
ದಾರಿಯುದ್ದಕ್ಕೂ ನನ್ನ ತೂಕವನ್ನು ಶಪಿಸುತ್ತ.
ಇಲ್ಲಿ ಇಳಿಸಿದರು. ಹಾಡಿದಿರಿ. ನಾನು ಏಳಲಿಲ್ಲ.
ಈಗಲೂ ಎದ್ದಿಲ್ಲ, ನೋಡುತ್ತಿದ್ದೀರಿ.
ಆದರೆ ಆ ದಿನದಿಂದ ಗೋಡೆಯ ಕಡೆ ಮಲಗಿಲ್ಲ.

ಹೋದ ಶುಕ್ರವಾರ ಇನ್ನೊಬ್ಬನನ್ನು ತಂದರಲ್ಲ,
ಹತ್ತೊಂಬತ್ತರ ಹುಡುಗ, ಗಾಡಿ ತಳ್ಳಿಸಿಕೊಂಡು ಹೋದೆ.
ಕಥೆ ಓದಲಿಲ್ಲ. ಸುಮ್ಮನೆ ಕೂತೆ.
ವಾಬುಲ್ ಒಯ್ದಿದ್ದೆ,
ಪ್ಲಾಸ್ಟಿಕ್ ಬಟ್ಟಲಲ್ಲಿ.

ಇಷ್ಟೇ ಸಾಕ್ಷಿ. ಒಂದು ಬೇಡಿಕೆ ಉಳಿದಿದೆ.
ನೊರ್ವಿನ್ ಇವತ್ತು ಇಲ್ಲಿಲ್ಲ.
ಎಷ್ಟು ಹೇಳಿದರೂ ಕೇಳದೆ ಸೋಮವಾರ ದೋಣಿ ಹತ್ತಿದ,
ಹುಟ್ಟು ಹಾಕಲು ಅಲ್ಲ, ಮುಳುಗಲು.
ಬೆಳಗಾದರೆ ನೀರೊಳಗೆ ಇರುತ್ತಾನೆ.
ಮೇಲೆ ಯಾರದೋ ಮಗ ಕೂತಿರುತ್ತಾನೆ, ಹೆಸರು ಗೊತ್ತಿಲ್ಲ.
ಆ ಹುಡುಗನ ಕಣ್ಣಿಗೋಸ್ಕರ
ಪ್ರಾರ್ಥಿಸೋಣ.