ಫರಸಿ ಮ್ಯಾಲ

ಕೈಯಿಂದ ಸುರು ಮಾಡಬ್ಯಾಡ ಅಂದಿದ್ದ ನಮ್ಮ ಉಸ್ತಾದ.
ವಾಡಿ ಜಂಕ್ಷನ್ನಿನ ಗೂಡ್ಸ್ ಶೆಡ್ಡಿನ ಹಿಂದ
ಒಂದು ತಿಂಗಳು ನನ್ನ ಬರೇ ನಿಂದ್ರಸಿದ್ದ.
ಸಿಮೆಂಟಿನ ಧೂಳು ಕೂದಲಾಗ ಕುಂತು
ಹದಿನೈದಕ್ಕೇ ಮುದುಕ ಆಗಿದ್ದೆ ನಾನು.
ಎಡಗಾಲು ಮುಂದ. ಬಲಗಾಲಿನ ಹಿಮ್ಮಡ ಎತ್ತು.
ಅದರ ಕೆಳಗ ಒಂದು ಇರವಿ ಅದ ಅನ್ಕೋ,
ಅದು ಸಾಯಬಾರದು.
ತಿಂಗಳ ತುಂಬಾ ಆ ಇರವಿ ಕಾಯ್ದೆ.

ಈಗ ನಾನು ಕಲಸಲಕತ್ತೀನಿ, ಶಹಾಬಾದಿನಾಗ.
ಮುಚ್ಚಿಹೋದ ಪಾಲಿಶ್ ಕಾರ್ಖಾನಿ, ತಗಡಿನ ಸೂರು,
ತೊಗರಿ ಹೊಟ್ಟು ತುಂಬಿದ ಎರಡು ಗೋಣಿಚೀಲ,
ಇರೂದು ಒಂದೇ ಜೋಡಿ ಗ್ಲೋವ್ಸು.
ಒಬ್ಬನ ಬೆವರಿನಾಗ ಇನ್ನೊಬ್ಬ ಕೈ ಇಡ್ತಾನ,
ಜಾತಿ ಕೇಳವ್ರು ಎರಡನೇ ದಿನ ಬರಾಂಗಿಲ್ಲ.
ನೆಲಕ್ಕ ಫರಸಿ, ಎರಡು ಫೂಟು ಚೌಕ,
ಅದೇ ನನ್ನ ಕರಿಹಲಗಿ.
ಈ ಕಲ್ಲಿನಾಗ ಎಡಗಾಲು, ಆ ಕಲ್ಲಿನಾಗ ಬಲಗಾಲು,
ಸಂದಿ ತುಳದವ ಎಲ್ಲಾರಿಗೂ ಚಹಾ ತರಬೇಕು.

ಯಲ್ಲಾಲಿಂಗ ಬಂದಾಗ ಏಪ್ರಿಲ್.
ತಗಡು ಕಾದು ಟಿಕ್ ಟಿಕ್ ಅಂತಿತ್ತು.
ಹತ್ತೊಂಬತ್ತು ವರ್ಷ, ಖಣಿಯಾಗ ಹಾಸುಗಲ್ಲು ಎಬ್ಬಸೂ ಕೆಲಸ.
ಹೆಗಲು ನೋಡಿ ನನಗ ಆಸಿ ಬಂತು, ಸುಳ್ಳ್ಯಾಕ ಹೇಳ್ಲಿ.
ನಿಂದ್ರೂದು ಒಂದೇ ದಿನಕ್ಕ ಬಂತು,
ಅಲಗಾಡೂ ಕಲ್ಲಿನ ಮ್ಯಾಲ ನಿಂತು ಬೆಳದವ.
ಗದ್ದ ಕೆಳಗ ಅಂದ್ರ ಕೆಳಗ,
ಮುಷ್ಟಿ ಗಲ್ಲಕ್ಕ ಅಂದ್ರ ಗಲ್ಲಕ್ಕ.
ಆದ್ರ ಕಣ್ಣು.
ನನ್ನ ಅಂಗೈ ಅವನ ಮಾರಿ ಮುಂದ ಬಂದ್ರ ಸಾಕು
ಟಪ್ ಅಂತ ಮುಚ್ಚತಿದ್ದ.

ಕಣ್ಣು ತೆರಿಯೋ.
ತೆರದೀನ್ರಿ.
ಮುಚ್ಚಿದಿ.
ಇಲ್ರಿ ಸರ್.
ತನಗೇ ಗೊತ್ತಿಲ್ಲ ಪಾಪ.
ಬೈದೆ. ಟವಲು ಬೀಸಿದೆ. ಜ್ವಾಳದ ಕಾಳು ಒಗದೆ.
ಹನ್ನೊಂದು ದಿನ.
ನನ್ನ ಕೈಕಿಂತ ಆ ರೆಪ್ಪಿ ಜಲ್ದಿ.

ಹನ್ನೆರಡನೇ ದಿನ ಖಣಿಗೇ ಹೋದೆ.
ಉಳಿ ಮ್ಯಾಲ ಸುತ್ತಿಗಿ ಬೀಳೂ ಗಳಿಗ್ಯಾಗ
ಮುಚ್ಚತಾನ, ತೆರೀತಾನ. ಮುಚ್ಚತಾನ, ತೆರೀತಾನ.
ಅವ ಒಬ್ಬನೇ ಅಲ್ಲ, ಸಾಲಿಗಿ ಕುಂತ ಎಲ್ಲಾರೂ.
ಅವನ ಕಾಕಾ ಭೀಮಶ್ಯಾ ತಲಿ ಎತ್ತಿ ಶರಣು ಅಂದ,
ಒಂದು ಕಣ್ಣು ಮಜ್ಜಿಗಿ ಹನಿಯಂಗ ಬೆಳ್ಳಗ.
ನಾನು ಕೇಳಲಿಲ್ಲ, ಅವ ಹೇಳಲಿಲ್ಲ.

ಹೊಟ್ಟಿ ಕಲಿಸಿದ್ದನ್ನ ಬಿಡಸಲಕ ಹೊಂಟಿದ್ದೆ ನಾನು,
ಅದೂ ಬೈದು.

ಯಲ್ಲಾಲಿಂಗ ಉಳಿ ಕೈಯಾಗ ಕೊಟ್ಟ, ಹೊಡೀರಿ ಸರ್.
ಹೊಡದೆ, ನಲವತ್ತು ವರ್ಷದ ಬಲಗೈ ತುಂಬಾ ಜೋರಿನಿಂದ.
ಒಂದು ಚೂರು ಹಾರಿ ಎಲ್ಲೋ ಬಿತ್ತು.
ಎಲ್ಲಿ ಅಂತ ನೋಡಲಿಲ್ಲ,
ನನ್ನವೂ ಮುಚ್ಚಿದ್ವು.

ಜೋರ ಬ್ಯಾಡ್ರಿ, ಅಂದ. ನಗಲಿಲ್ಲ.
ಪದರ ಎಲ್ಲದ ಅಂತ ಮೊದಲ ಸಣ್ಣಗ ಬಡದು ಕೇಳ್ರಿ.
ಟಣ್ ಅಂದ್ರ ಇನ್ನಾ ಹಿಡದದ,
ಡಬ್ ಅಂದ್ರ ಬಿಡಲಕತ್ತದ.
ಹಂಗೇ ಬಡಕೋತ ಕೇಳ್ಕೋತ ಅಂಚಿಗುಂಟ ಸರದ.
ಹೆಂಚಿನಿಂದ ರೊಟ್ಟಿ ಎದ್ದಂಗ
ಇಡೀ ಹಾಸು ಎದ್ದು ಬಂತು.

ಮರುದಿನ ಗ್ಲೋವ್ಸು ಮೂಲ್ಯಾಗ ಇಟ್ಟೆ.
ನಾನೇ ಕಲ್ಲು ಅನ್ಕೋ, ಅಂದೆ.
ಜೋರ ಬ್ಯಾಡ. ಎಡಗೈ ಅಷ್ಟೇ.
ನನ್ನ ಪದರ ಎಲ್ಲದ, ಹುಡುಕು.
ಮುಟ್ಟಿದ. ಹೆಗಲಿಗಿ, ಪಕ್ಕಡಿಗಿ, ಮತ್ತ ಹೆಗಲಿಗಿ.
ನನ್ನ ಉಸಿರು ಯಾವಾಗ ಹೊರಗ ಬರ್ತದ,
ಯಾವ ಕಾಲಿನ ಮ್ಯಾಲ ಭಾರ ಬೀಳ್ತದ,
ಕಲ್ಲಿನಂಗ ಕಿವಿಯಿಂದ ಸಿಗಲಿಲ್ಲ ಅವಗ,
ನೋಡಬೇಕಾತು.
ಎರಡು ಫೂಟಿನ ಚೌಕ ಚೌಕ ನನ್ನ ಸುತ್ತ ತಿರಗಿದ,
ಒಂದೂ ಸಂದಿ ತುಳೀಲಿಲ್ಲ.
ಒಮ್ಮೆ ನನ್ನ ಪಕ್ಕಡಿ ಡಬ್ ಅಂತು.
ಇಬ್ಬರಿಗೂ ಕೇಳಿಸ್ತು.

ದೀಪಾವಳಿ ಹೋಗಿ ಎಳ್ಳಮಾಸಿ ಬಂತು.
ಹತ್ತರಾಗ ಮೂರು ಸಲ ಇನ್ನಾ ಮುಚ್ಚತಾನ.
ಇರ್ಲಿ, ಅಂತ ಬಿಟ್ಟೀನಿ.
ಎಂಟಕ್ಕ ಖಣಿ ಸುರು ಆಗ್ತದ,
ಆ ಮೂರು ಅವಗ ಅಲ್ಲಿಗಿ ಬೇಕು.