ಗುರುವಾರದ ಮೂರು ಗಂಟೆ

ಗುರುವಾರ ಒಂದಕ್ಕೆ ಸರಿಯಾಗಿ ಫಿನ್ಲೇ ಬರುತ್ತಾನೆ,
ಬೂಟು ಬಾಗಿಲಲ್ಲೇ ಕಳಚಿ
‘ನೀವಿನ್ನು ಹೊರಡಿ’ ಅನ್ನುತ್ತಾನೆ.
ಹೊರಡುವುದೆಂದರೆ, ಎಲ್ಲಿಗೆ?
ಇಶ್ಬೆಲ್ ಮಾತ್ರೆಡಬ್ಬಿ ತೋರಿಸುತ್ತಾಳೆ, ಮತ್ತೂ ಒಮ್ಮೆ ತೋರಿಸುತ್ತಾಳೆ,
ಅತ್ತೆಯ ಶಾಲು ಸರಿಮಾಡಿ
ಗೇಟಿನ ತನಕ ಹೋಗಿ
ಕಿವಿಗೊಟ್ಟು ನಿಲ್ಲುತ್ತಾಳೆ.

ಆರ್ಬ್ರೋತ್ ಬಂದರಿನ ಹೋಟೆಲು. ಕಿಟಕಿಗೆ ಉಪ್ಪುಗಾಳಿ.
ಹ್ಯಾಡಕ್ ಮೀನು ಬಂತು, ಹಬೆಯಾಡುತ್ತ.
ಮುಳ್ಳು ತೆಗೆದಳು, ಪದರು ಪದರಾಗಿ ಬಿಡಿಸಿದಳು,
ಬೆರಳಿಂದ ಮುಟ್ಟಿ ಬಿಸಿ ನೋಡಿದಳು,
ಚಮಚ ತುಂಬಿ, ಊದಿ,
ಎದುರಿನ ಖಾಲಿ ಕುರ್ಚಿಯತ್ತ ಚಾಚಿದ ಕೈ
ಅಲ್ಲೇ ನಿಂತಿತು.

ಯಾರೂ ನೋಡಲಿಲ್ಲ.
ಆ ತುತ್ತು ತಾನೇ ಉಂಡಳು.
ನಾಲಿಗೆ ಚುರ್ ಎಂದಿತು:
ಆರದ ಊಟ ಉಂಡು
ಎಷ್ಟು ವರ್ಷವಾಗಿತ್ತೋ.

ಮರಳಿದಾಗ ಅತ್ತೆ ಇಸ್ಪೀಟಿನಲ್ಲಿ
ಫಿನ್ಲೇಗೆ ಮೋಸ ಮಾಡುತ್ತಿದ್ದರು.
ತಲೆಯೆತ್ತದೆ ಕೇಳಿದರು:
‘ಇಷ್ಟು ಬೇಗ ಯಾಕೆ ಬಂದೆ?’