ತಡದ ಲೆಕ್ಕ

ಮೂವತ್ತೊಂದು ವರ್ಷ ಬೀದರ ಬಸ್‌ಸ್ಟ್ಯಾಂಡಿನ
ಕಂಟ್ರೋಲ್ ಕಿಟಕ್ಯಾಗ ಕೂತು
ಹೋಗೋದು ಬರೋದು ಬರದವ ನಾ.
ವ್ಯಾಳ್ಯಾಕ್ಕ ಬಂದ್ರ ನೀಲಿ, ತಡ ಆದ್ರ ಕೆಂಪು.
ಅದಕ್ಕ ಕ್ಲಬ್ಬಿನ ಮಂದಿ ಮನೀಗೆ ಬಂದು
ಕೈಯಾಗ ಸ್ಟಾಪ್‌ವಾಚ್ ಇಟ್ಟು ಅಂದ್ರು:
"ಕಾಶೆಪ್ಪನೋರ, ನಿಮ್ಮಷ್ಟು ಖಡಕ್ ಮನಷ್ಯಾ
ಊರಾಗ ಇನ್ನೊಬ್ಬ ಇಲ್ಲ."

ಐತವಾರ ಮುಂಜಾನೆ, ಪಾಪನಾಶದ ಇಳಿಜಾರು.
ಸುಣ್ಣದ ಗೆರಿ ಮ್ಯಾಲೊಂದು, ಕೆಳಗೊಂದು.
ನಡುವ ಹೊಸಾ ಸಿಮೆಂಟ್ ರಸ್ತಾ, ಎರಡೂ ಮಗ್ಗಲ ಕೆಂಪು ಮುರುಮು.
ಹದಿನೇಳು ಹುಡುಗರು, ಹದಿನೇಳು ಬೇರಿಂಗ್ ಗಾಡಿ.
ಒಂದು ಹಳೇ ಕಪಾಟಿನ ಬಾಗಿಲ,
ಒಂದು ಟೊಮ್ಯಾಟೋ ಕ್ರೇಟು,
ಒಂದು ಸಾಲಿ ಬೆಂಚಿನ ತುಂಡು,
ಎಲ್ಲಿಂದ ತಂದ್ಯೋ ಅಂತ ನಾ ಕೇಳ್ಲಿಲ್ಲ.
ಇದೆಲ್ಲಾ ಧರ್ಮದ ದವಾಖಾನಿಗೆ
ಇನ್ನೊಂದು ಡಯಾಲಿಸಿಸ್ ಮಷಿನ್ ತರಲಾಕ.

ಬ್ಯಾಳಿ ಮಿಲ್ಲಿನ ಸಾವಕಾರ್ರು ಮೈಕ್ ಹಿಡದು ಸಾರಿದ್ರು:
"ಒಂದೊಂದು ಗಾಡಿ ಕೆಳಗಿನ ಗೆರಿ ದಾಟೋ ತನಕ
ಸೆಕೆಂಡಿಗೆ ನೂರು ರೂಪಾಯಿ, ನಂದು!"
ಚಪ್ಪಾಳಿ ಬಿತ್ತು.
ನಾ ಮನಸಿನಾಗ ಗುಣಿಸಿದೆ.
ಇಂಥಾ ಇಳಿಜಾರಿನಾಗ ಮೂವತ್ತು ಸೆಕೆಂಡ್ ದಾಟೂದು ಯಾರು?
ಸಾವಕಾರ್ರೂ ಗುಣಿಸೇ ನಿಂತಿದ್ರು.

ಇಪ್ಪತ್ತಾರು. ಇಪ್ಪತ್ತೊಂಬತ್ತು. ಇಪ್ಪತ್ನಾಕು.
ಬೇರಿಂಗಿನ ಗರ್ರ್ ಸಪ್ಪಳಕ್ಕ
ಬೇವಿನ ಗಿಡದ ಗಿಳಿ ಎಲ್ಲಾ ಎದ್ದು ಹೋದವು.
ನೀಲಿ, ನೀಲಿ, ನೀಲಿ.

ಹನ್ನೆರಡನೇದಾಕಿ ನಿಖತ್,
ನೌಬಾದಿನ ಪಂಕ್ಚರ್ ಅಂಗಡಿಯಾಕಿ.
ಹತ್ತು ವರ್ಷ ಇದ್ದೀತು.
ಅಣ್ಣನ ಹೆಲ್ಮೆಟ್ಟಿನಾಗ ಮುಖಾನೇ ಕಾಣವಲ್ದು.
ಅರ್ಧಾ ದಾರ್ಯಾಗ ಮುಂದಿನ ಬೇರಿಂಗ್ ಕಿತ್ತು,
ಉರುಳಿ, ಜಿಗದು, ಮುರುಮಿನ ತೆಗ್ಗಿಗೆ ಬಿತ್ತು.
ಗಾಡಿ ಮೂಗು ಊರಿ ನಿಂತಿತು.
ಮಂದಿ ನಕ್ಕರು.
"ವಾಚ್ ಬಂದ್ ಮಾಡ್ರಿ ಕಾಕಾ, ಔಟ್!" ಅಂದ ಒಬ್ಬ.
ನನ್ನ ಬುಕ್ಕಿನಾಗ ಔಟ್ ಅನ್ನೋ ಕಾಲಂ ಇದ್ದಿಲ್ಲ.
ಗುಂಡಿ ಒತ್ತಲಿಲ್ಲ ನಾ.

ನಲವತ್ತು. ತೆಗ್ಗಿಗೆ ಇಳದ್ಲು.
ಎಪ್ಪತ್ತು. ಕಲ್ಲು ಹುಡುಕಿದ್ಲು.
ಅಪ್ಪ ಗುದ್ದೋ ಹಂಗ ನಾಲಿಗಿ ಹೊರಗ ಹಾಕಿ ಗುದ್ದಿದ್ಲು.
ನೂರಾ ನಲವತ್ತು. ಮತ್ತ ಕಳಚಿತು.
ಸಾವಕಾರ್ರು ನನ್ನ ಮಗ್ಗಲಕ್ಕ ಬಂದು ಮೆಲ್ಲಕ:
"ಕಾಶೆಪ್ಪಾ, ವಾಚ್ ನಡದದೇನು?"
"ನಡದದ್ರಿ."

ಯಾಕೋ ಧೂಳಪ್ಪ ನೆನಪಾದ, ಔರಾದ ರೂಟಿನ ಡ್ರೈವರ್.
ದಿನಾ ಹತ್ತು ಮಿನಿಟು ತಡ.
"ಸಂತಪುರದಾಗ ಒಂದು ಮುದುಕಿ ಓಡಿ ಬರಲಾಕತ್ತಿತ್ತು,
ಬಿಟ್ಟು ಬರಲೇನು ಸಾಹೇಬ?" ಅಂತಿದ್ದ.
ದಿನಾ ಒಂದೇ ಮುದುಕಿ ಓಡತಾಳೇನೋ ಅಂತ ಬೈದು
ಕೆಂಪಿನಾಗ ಬರದೆ. ಎರಡು ಇನ್‌ಕ್ರಿಮೆಂಟ್ ಹೋದವು.
ಈಗ ಅವ ವಾರಕ್ಕ ಎರಡು ಸಲ
ಅದೇ ದವಾಖಾನ್ಯಾಗ ಚೀಟಿ ಹಿಡದು ಕೂಡತಾನ.
ಇರೂದು ಒಂದು ಮಷಿನು, ಮುಂದ ಆರು ಮಂದಿ.
ನನ್ನ ಕಂಡ್ರ ಬಾತ ಮುಖದಾಗೇ ನಗತಾನ:
"ಇವತ್ತೂ ಲೇಟ್, ಸಾಹೇಬ."

ಎರಡನೂರಾ ಹತ್ತು. ನಿಖತ್ ಬೇರಿಂಗ್ ಜೇಬಿಗೆ ಹಾಕಿದ್ಲು.
ಹಗ್ಗ ನಡಕ್ಕ ಬಿಗದು ಎಳದ್ಲು.
ಸಿಮೆಂಟಿನ ಮ್ಯಾಲ ಹಲಗಿ ಕೆರಕೋತ ಬಂತು.
ಈಗ ಯಾರೂ ನಗಲಿಲ್ಲ. ಕಬ್ಬಿನ ಹಾಲಿನವ
ಗಾಣ ನಿಲ್ಲಿಸಿದ.

ಗೆರಿ ದಾಟಿದಾಗ ಮುನ್ನೂರಾ ಹನ್ನೆರಡು.
ಹೆಲ್ಮೆಟ್ ತಗದ್ರ ಕಣ್ಣೀರು, ಮುರುಮಿನ ಧೂಳು, ಎಲ್ಲಾ ಕಲಸಿ ರಾಡಿ.
"ಚಾಚಾ, ಭಾಳ ಲೇಟ್ ಆತೇನು?"
ಜೇಬಿನಾಗ ಎರಡೂ ಪೆನ್ ಇದ್ದವು, ಹಳೇ ಚಟ.
ಯಾವದು ತಗೀಬೇಕು ತಿಳೀಲಿಲ್ಲ.
ಆಕೀನೇ ಬಗ್ಗಿ ನೋಡಿದ್ಲು:
"ಕೆಂಪಿನಾಗ ಬರೀರಿ. ಚಂದ ಕಾಣತದ."

ಬರದೆ. ಕೈ ಸ್ವಲ್ಪ ನಡಗಿತು.
ಸಾವಕಾರ್ರು ಚೆಕ್‌ಬುಕ್ ಹುಡುಕಲಾಕ ಕಾರಿನ ಕಡಿ ಹೋದ್ರು,
ಭಾಳೊತ್ತಾದ್ರೂ ಬರಲಿಲ್ಲ.
ಮ್ಯಾಲಿನ ಗೆರಿ ಹತ್ತಿರ ಉಳದ ಐದೂ ಹುಡುಗರು
ತಮ್ಮ ತಮ್ಮ ಗಾಡಿ ಬೋರಲ ಹಾಕಿ
ಬೇರಿಂಗ್ ಸಡಿಲ ಮಾಡಲಾಕತ್ತಿದ್ರು.